ಹಿರಿಯರ ಮಳೆಲೆಕ್ಕ ದಾಖಲಾಗಲಿ

ಮಾನ್ಯರೇ,

ಕರಾವಳಿಯ ಹಿರಿಯ ಕೃಷಿಕರು ಬಲ್ಲ ಮಳೆಯ ಮುನ್ಸೂಚನೆಯ ಅರಿವು ಅವರೊಂದಿಗೇ ಮರೆಯಾಗುತ್ತಿದೆ. ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ (ತುಳುವರ ಬೇಶ ತಿಂಗಳ ಹತ್ತನೇ ದಿನ) ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮೋತ್ಸವ ನಿಲ್ಲುತ್ತದೆ. ಮಳೆ ಹತ್ತಿರವಾಯಿತೆಂದು ತುಳುವರು ಗದ್ದೆಗೆ ಅಣಿಯಾಗುತ್ತಿದ್ದರು. 13-14 ದಿನಗಳಿಗೊಮ್ಮೆ ಬದಲಾಗುವ ಮಳೆನಕ್ಷತ್ರದ ಜೊತೆಗೆ, ಮೊಟ್ಟೆ ಹೊತ್ತು ಗೋಡೆಯೇರುವ ಇರುವೆಸಾಲು, ಕಕ್ಕೆ ಹೂವು ಅರಳಿದ ಹೊತ್ತು, ಕಡಲಿನ ಮೊರೆತ ಕೇಳಿಬರುವ ದಿಕ್ಕು ಇವನ್ನೆಲ್ಲ ಗಮನಿಸಿಯೇ ನನ್ನ ಅಜ್ಜ ನೇಜಿ (ಭತ್ತದ ಸಸಿ) ನೆಡುವ ದಿನ ಗೊತ್ತುಮಾಡುತ್ತಿದ್ದರು. ಹವಾಮಾನ ಇಲಾಖೆಯ ಮುನ್ಸೂಚನೆ ಬೇಕೇ ಬೇಕು. ಆದರೆ ಅದು ಇಡೀ ಜಿಲ್ಲೆಗೋ ತಾಲ್ಲೂಕಿಗೋ ಪಂಚಾಯಿತಿಗೋ ಹೇಳುವ ಮಾತು. ಅಜ್ಜನ ಲೆಕ್ಕ ನಮ್ಮ ಬೈಲಿನದು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರವು ಗ್ರಾಮ ಪಂಚಾಯಿತಿಗಳ ನೆರವಿನಿಂದ ಹಿರಿಯರ ಮಾತುಗಳನ್ನು ಈ ಮಳೆಗಾಲದಿಂದಲೇ ದಾಖಲಿಸಿ, ಮಳೆಮಾಪಕದ ಅಂಕಿಗಳೊಡನೆ ಹೋಲಿಸಿ ನೋಡಲಿ.

– ಓರ್ವ ಕೃಷಿಕ, ಉಡುಪಿ