ಏಟಿಗಿಂತ ಮುಂಚೆ ಬೈಗುಳ

ಮಾನ್ಯ ಸಂಪಾದಕರೇ,

ನಾನು ಮದ್ದೂರು ಕಡೆಯವಳು. 11 ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕೆಲಸದ ಜಾಗದಲ್ಲಿ ಹೊಡೆದಾಟವಾದರೆ ಪತ್ರಿಕೆಯಲ್ಲಿ ಕೊನೆಯ ಏಟು ಮಾತ್ರ ಸುದ್ದಿಯಾಗುತ್ತದೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಏನು ನಡೆದಿತ್ತು ಎಂದು ಯಾರೂ ಕೇಳುವುದಿಲ್ಲ.

ನಮ್ಮ ಲೈನಿನಲ್ಲಿ ಕಾಲರ್ ಕೂರಿಸಲು ಹೊಸ ಹುಡುಗಿ ಬಂದಿದ್ದಳು. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದಿರುತ್ತದೆ, ಅವಳದು ಕಡಿಮೆ ಬೀಳುತ್ತಿತ್ತು. ಮೊದಲು ಸೂಪರ್‌ವೈಸರ್ ಸುಮ್ನೆ ಕೂಗಾಡಿದರು. ವಾರದೊಳಗೆ ಅವಳ ಅಪ್ಪ ಅಮ್ಮನನ್ನೂ ಸೇರಿಸಿ ಬೈಯತೊಡಗಿದರು. ಒಂದು ಮಧ್ಯಾಹ್ನ ಆಲ್ಟ್ರೇಷನ್‌ಗೆ ವಾಪಸ್ ಬಂದ ಶರ್ಟುಗಳ ಕಟ್ಟನ್ನು ಮುಖಕ್ಕೇ ಎಸೆದರು. ಅವಳು ಬೆಚ್ಚಿಬಿದ್ದಳು, ಬೆರಳಿಗೆ ಸೂಜಿ ಇಳಿಯಿತು. ಪಕ್ಕದಲ್ಲಿದ್ದ ನಾವು ತಲೆ ಎತ್ತದೆ ಹೊಲಿಯುತ್ತಲೇ ಇದ್ದೆವು. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಮಾರನೇ ದಿನ ಅವಳು ಬಸ್ಸಿಗೆ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಆ ಸೂಪರ್‌ವೈಸರ್‌ಗೂ ಪ್ರೊಡಕ್ಷನ್ ಕಡಿಮೆಯಾದರೆ ಮೇಲಿನವರಿಂದ ಬೈಗುಳ ತಪ್ಪಿದ್ದಲ್ಲ. ಹಾಗಂತ ಆ ಸಿಟ್ಟೆಲ್ಲ ನಮ್ಮ ಮೇಲೆ ಇಳಿಯಬೇಕಾ?

ನಮ್ಮಲ್ಲಿ ದೂರು ಪೆಟ್ಟಿಗೆ ಇದೆ. ಆಫೀಸ್ ಬಾಗಿಲ ಪಕ್ಕ, ಕ್ಯಾಮೆರಾದ ಕೆಳಗೇ! ಅಲ್ಲಿ ಯಾರು ತಾನೇ ಚೀಟಿ ಹಾಕುತ್ತಾರೆ? ಹೆಂಗಸರ ಶೌಚಾಲಯದ ಹತ್ತಿರ ಇಡಲಿ, ವಾರದಲ್ಲಿ ತುಂಬುತ್ತದೆ.

2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು, ಹೊರಗಿನವರೂ ಒಬ್ಬರಿರಬೇಕು. ದೂರು ಕೊಡಲು 3 ತಿಂಗಳ ಗಡುವಿದೆ. ಸಮಿತಿಯಲ್ಲಿ ಯಾರಿದ್ದಾರೆ ಎಂದು ನಮ್ಮ ಲೈನಿನಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಇನ್ನು ಲೈಂಗಿಕ ಅರ್ಥವಿಲ್ಲದ ಬೈಗುಳ, ಬಟ್ಟೆ ಎಸೆಯುವುದು ಇವೆಲ್ಲ ಆ ಸಮಿತಿಯ ಲೆಕ್ಕಕ್ಕೇ ಬರುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರ ತನ್ನ 190ನೇ ಒಡಂಬಡಿಕೆಯಲ್ಲಿ ಬೆದರಿಸುವುದನ್ನೂ ಮನಸ್ಸಿಗೆ ಪೆಟ್ಟಾಗುವಂತೆ ನಡೆದುಕೊಳ್ಳುವುದನ್ನೂ ಹಿಂಸೆ, ಕಿರುಕುಳ ಎಂದೇ ಹೇಳಿದೆ. ನಮ್ಮ ದೇಶ ಅದನ್ನು ಇನ್ನೂ ಅನುಮೋದಿಸಿಲ್ಲ.

ಮಂಡ್ಯದ ಕಾರ್ಮಿಕ ಇಲಾಖೆ ಅಧಿಕಾರಿಗಳಲ್ಲಿ ಒಂದು ಮನವಿ. ತಪಾಸಣೆಗೆ ಬಂದಾಗ ರಿಜಿಸ್ಟರ್ ನೋಡಿ ಹೊರಟುಬಿಡಬೇಡಿ. ಮ್ಯಾನೇಜರ್ ಪಕ್ಕದಲ್ಲಿ ನಿಂತಿರುವಾಗ ‘ಏನಾದರೂ ತೊಂದರೆ ಇದೆಯಾ’ ಎಂದು ಕೇಳಲೂ ಬೇಡಿ. ಸಂಜೆ ನಮ್ಮ ಜೊತೆ ಬಸ್ ಹತ್ತಿ. ಊರು ತಲುಪುವಷ್ಟರಲ್ಲಿ ಎಲ್ಲ ಹೇಳುತ್ತೇವೆ.

— ಒಬ್ಬ ಗಾರ್ಮೆಂಟ್ಸ್ ನೌಕರೆ, ಮದ್ದೂರು ತಾಲ್ಲೂಕು