ಮಳೆಗಾಲಕ್ಕೆ ಮುಂಚೆ ಅಪ್ಪಯ್ಯನಿಗೆ

ತುಂಗ್ ಚುಂಗ್, ಹಾಂಗ್ ಕಾಂಗ್
ಏಪ್ರಿಲ್ 12

ತೀರ್ಥರೂಪ ಅಪ್ಪಯ್ಯನಿಗೂ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಈ ಸಲ ಮಳೆ ಹಿಡಿಯುವುದರೊಳಗೆ ಅಮ್ಮನ ಕೋಣೆಗೆ ಒಂದು ಏರ್ ಪ್ಯೂರಿಫೈಯರ್ ತರಬೇಕೆಂದಿದ್ದೀರಿ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಗೋಡೆಯ ಬೂಷ್ಟು, ಬಟ್ಟೆಯ ಮುಗ್ಗಲು ವಾಸನೆ, ರಾತ್ರಿ ಅಮ್ಮನಿಗೆ ಬರುವ ಉಬ್ಬಸ, ಎಲ್ಲಕ್ಕೂ ಅದೊಂದೇ ಸಾಕೆಂದು ಅಂಗಡಿಯವರು ಹೇಳಿದರಂತೆ. ಅಪ್ಪಯ್ಯ, ದಯವಿಟ್ಟು ದುಡ್ಡು ಕೊಡುವುದನ್ನು ಸ್ವಲ್ಪ ತಡೆಯಿರಿ. ಇಲ್ಲಿಗೆ ಬಂದ ಮೇಲೆ ನಾವು ಈ ಎರಡು ಯಂತ್ರಗಳ ಜೊತೆಗೇ ಬದುಕುತ್ತಿದ್ದೇವೆ. ಗಾಳಿಯಲ್ಲಿರುವ ಧೂಳನ್ನು ತೆಗೆಯುವ ಪ್ಯೂರಿಫೈಯರ್ ಬೇರೆ, ಗಾಳಿಯಲ್ಲಿರುವ ನೀರನ್ನು ತೆಗೆಯುವ ಡಿಹ್ಯುಮಿಡಿಫೈಯರ್ ಬೇರೆ. ಊರಿನ ನಮ್ಮ ಮನೆಯ ಮಳೆಗಾಲದ ತೊಂದರೆ ಹೆಚ್ಚಿನಂಶ ನೀರಿನದ್ದು. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ಕಟ್ಟಾಗುತ್ತದೆ, ಅದಕ್ಕೇ ಕೂತು ವಿವರವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಈಗ ಗೋಡೆ ಬೆವರುವ ಕಾಲ. ನಮ್ಮಲ್ಲಿ ಜೂನ್, ಜುಲೈನಲ್ಲಿ ಆಗುವುದು ಇಲ್ಲಿ ಮಾರ್ಚ್, ಏಪ್ರಿಲ್‌ನಲ್ಲೇ ಆಗುತ್ತದೆ, ಎಷ್ಟೋ ದಿನ ಒಂದು ಹನಿ ಮಳೆಯೂ ಇಲ್ಲದೆ. ಉತ್ತರದ ಚಳಿಗಾಳಿ ನಾಲ್ಕಾರು ದಿನ ಬೀಸಿ ಕಟ್ಟಡದ ಕಾಂಕ್ರೀಟು, ನೆಲದ ಟೈಲ್ಸು ಎಲ್ಲ ತಣ್ಣಗಾಗಿರುತ್ತವೆ. ಆಮೇಲೆ ಗಾಳಿ ತಿರುಗಿ ದಕ್ಷಿಣದ ಸಮುದ್ರದ ಕಡೆಯಿಂದ ಬರಲು ಶುರುವಾದರೆ, ಆ ಬೆಚ್ಚನೆಯ ಒದ್ದೆ ಗಾಳಿ ತಣ್ಣನೆಯ ಗೋಡೆ ಮುಟ್ಟಿದಲ್ಲೆಲ್ಲ ನೀರಾಗುತ್ತದೆ. ಲಿಫ್ಟಿನ ಎದುರಿನ ಗೋಡೆಯಿಂದ ನೀರು ಸಾಲುಸಾಲಾಗಿ ಇಳಿಯುತ್ತದೆ. ಯಾರೂ ಜಾರಿ ಬೀಳದಿರಲೆಂದು ಬಾಗಿಲ ಬಳಿ ರಟ್ಟು ಹಾಸುತ್ತಾರೆ. ಹಾಂಗ್ ಕಾಂಗ್‌ನ ವರ್ಷದ ಮಳೆ ಸುಮಾರು 2400 ಮಿ.ಮೀ., ಆಗುಂಬೆಯ ಮುಂದೆ ಏನೂ ಅಲ್ಲ. ಆದರೂ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಪ್ರತಿ ತಿಂಗಳ ಸರಾಸರಿ ತೇವಾಂಶ ನೂರಕ್ಕೆ 80ರ ಮೇಲೆಯೇ ಇರುತ್ತದೆ. ಇಂಥ ದಿನಗಳಲ್ಲಿ 95 ದಾಟುತ್ತದೆ.

ಇಲ್ಲಿನ ನಮ್ಮ ಮನೆ ಲಾಂಟಾವ್ ದ್ವೀಪದ ಗುಡ್ಡದ ಬುಡಕ್ಕಿರುವುದರಿಂದ ಮೋಡ ಕಿಟಕಿಗೇ ಬಂದು ಒರಗುತ್ತದೆ. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟು, ಶೂ, ಪುಟ್ಟನ ಪುಸ್ತಕದ ರಟ್ಟು, ಇವಕ್ಕೆ ಮೊದಲು ಬೂಷ್ಟು ಹಿಡಿಯುವುದು. ಅದಕ್ಕೇ ಈ ಊರಿನಲ್ಲಿ ಫ್ರಿಜ್, ವಾಷಿಂಗ್ ಮೆಷಿನ್ ಜೊತೆಗೆ ಡಿಹ್ಯುಮಿಡಿಫೈಯರ್ ಕೂಡ ಮನೆಸಾಮಾನಿನ ಲೆಕ್ಕವೇ. ಫ್ರಿಜ್ಜಿಗೆ ಅಂಟಿಸುವಂತೆ ಇದಕ್ಕೂ ಕರೆಂಟು ಖರ್ಚಿನ ಲೇಬಲ್ ಅಂಟಿಸುವುದನ್ನು ಇಲ್ಲಿನ ಸರ್ಕಾರ 2011ರಲ್ಲಿ ಕಡ್ಡಾಯ ಮಾಡಿತು. ಆದರೆ ಇಲ್ಲಿ 1 ಎಂದು ಬರೆದದ್ದು ಎಲ್ಲಕ್ಕಿಂತ ಒಳ್ಳೆಯದು, 5 ಎಂದಿದ್ದರೆ ಹೆಚ್ಚು ಕರೆಂಟು ತಿನ್ನುವಂಥದ್ದು. ನಮ್ಮ ಐದು ನಕ್ಷತ್ರದ ಲೆಕ್ಕಕ್ಕೆ ಪೂರ್ತಿ ಉಲ್ಟಾ.

ಯಂತ್ರ ಕೆಲಸ ಮಾಡುವ ರೀತಿ ಸರಳ. ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಮೈ ಬೆವರುವುದಿಲ್ಲವೇ, ಅದನ್ನೇ ಬೇಕೆಂದು ಮಾಡುವುದು. ಒಳಗೆ ಫ್ರಿಜ್ಜಿನಲ್ಲಿರುವಂಥದ್ದೇ ಕಂಪ್ರೆಸರ್ ಇದೆ. ಫ್ಯಾನು ಕೋಣೆಯ ಗಾಳಿಯನ್ನು ಎಳೆದು ತಣ್ಣನೆಯ ಕಾಯಿಲ್ ಮೇಲೆ ಹಾಯಿಸುತ್ತದೆ, ನೀರು ಅಲ್ಲಿ ಹನಿಯಾಗಿ ಕೆಳಗಿನ ಡಬ್ಬಿಗೆ ಬೀಳುತ್ತದೆ. ಆಮೇಲೆ ಅದೇ ಗಾಳಿ ಬಿಸಿ ಕಾಯಿಲ್ ಮೇಲೆ ಹಾದು ಹೊರಗೆ ಬರುತ್ತದೆ. ಹಾಗಾಗಿ ಇದು ಕೋಣೆಯನ್ನು ಎ.ಸಿ.ಯಂತೆ ತಂಪು ಮಾಡುವುದಿಲ್ಲ, ಒಂದೆರಡು ಡಿಗ್ರಿ ಬೆಚ್ಚಗೇ ಮಾಡುತ್ತದೆ. ನಮ್ಮ ಮಳೆಗಾಲಕ್ಕೆ ಅದೇನೂ ಕೆಟ್ಟದ್ದಲ್ಲ. ಡಬ್ಬಿ ತುಂಬಿದರೆ ತಾನೇ ನಿಲ್ಲುತ್ತದೆ. ಹಿಂದೆ ಒಂದು ಪೈಪು ಸಿಕ್ಕಿಸಿ ಬಚ್ಚಲಿಗೆ ಬಿಟ್ಟರೆ ಚೆಲ್ಲುವ ಕೆಲಸವೂ ಇಲ್ಲ.

ನೀರಿನ ಲೆಕ್ಕವನ್ನು ನೀವೇ ಮಾಡಿ ನೋಡಿ, ನಿಮಗೆ ಇಷ್ಟವಾಗುತ್ತದೆ. ಅಮ್ಮನ ಕೋಣೆ ಹನ್ನೆರಡಡಿಗೆ ಹತ್ತಡಿ, ಎತ್ತರ ಒಂಬತ್ತಡಿ ಎಂದಿಟ್ಟುಕೊಂಡರೆ ಒಳಗಿರುವ ಗಾಳಿ ಸುಮಾರು 30 ಘನ ಮೀಟರ್. 24 ಡಿಗ್ರಿ ಸೆಖೆಯಲ್ಲಿ ತೇವಾಂಶ 90 ಇದ್ದರೆ ಆ ಗಾಳಿಯಲ್ಲಿರುವ ನೀರು ಅರ್ಧ ಲೀಟರಿಗಿಂತ ತುಸು ಹೆಚ್ಚು. ಅದನ್ನು 55ಕ್ಕೆ ಇಳಿಸಲು ತೆಗೆಯಬೇಕಾದದ್ದು ಒಂದು ಲೋಟ ನೀರು, ಅಷ್ಟೇ. ಆದರೂ ನಮ್ಮ ಯಂತ್ರದ ಡಬ್ಬಿಯಲ್ಲಿ ಬೆಳಗಾಗುವಷ್ಟರಲ್ಲಿ ಲೀಟರುಗಟ್ಟಲೆ ನೀರಿರುತ್ತದೆ. ಉಳಿದದ್ದು ಹಾಸಿಗೆಯಿಂದ, ಗೋಡೆಯಿಂದ, ಒಣಹಾಕಿದ ಬಟ್ಟೆಯಿಂದ, ನಮ್ಮ ಉಸಿರಿನಿಂದ ಬಂದದ್ದು. ಎಲ್ಲಕ್ಕಿಂತ ಹೆಚ್ಚಾಗಿ ಸಂದಿಗೊಂದಿಯಿಂದ ಒಳಗೆ ನುಗ್ಗುವ ಹೊರಗಿನ ಗಾಳಿಯಿಂದ ಬಂದದ್ದು.

ಇಲ್ಲೇ ಊರಿನ ನಮ್ಮ ಮನೆಯ ಪ್ರಶ್ನೆ ಬರುವುದು. ಈ ಫ್ಲ್ಯಾಟಿನಲ್ಲಿ ಕಿಟಕಿ ಮುಚ್ಚಿದರೆ ಗಾಳಿ ನಿಂತಂತೆಯೇ. ನಮ್ಮ ಜಗಲಿ, ನಡುಮನೆ, ಅಡುಗೆಮನೆ ಹಾಗಲ್ಲ. ಹೆಂಚಿನ ಸಂದಿಯಲ್ಲಿ, ಮಾಡಿನ ಕೆಳಗಿನ ತೆರಪಿನಲ್ಲಿ, ಜಾಲಂಧ್ರದಲ್ಲಿ ಗಾಳಿ ಹಗಲೂ ರಾತ್ರಿ ಆಡುತ್ತಿರುತ್ತದೆ. ಅಲ್ಲಿ ಈ ಯಂತ್ರ ಇಟ್ಟರೆ ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ಕರೆಂಟು ಹೋಗುತ್ತದೆ, ತೇವ ಹೋಗುವುದಿಲ್ಲ. ಮನೆ ಒಣಗಿಸಲು ಇಂಥ ಹತ್ತು ಯಂತ್ರ ತಂದರೂ ಆಗದು. ಆದರೆ ಅಮ್ಮನ ಕೋಣೆಗೆ ತಾರಸಿ ಇದೆ, ಒಂದೇ ಕಿಟಕಿ, ಒಂದು ಬಾಗಿಲು. ಆ ಕೋಣೆಯೊಂದನ್ನು ಒಣಗಿಸಿಡಲು ಖಂಡಿತ ಆಗುತ್ತದೆ. ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹೊಡೆಸಿ, ಸಂಜೆ ಮುಚ್ಚಿ ಯಂತ್ರ ಹಾಕಿದರೆ ಅವಳು ಮಲಗುವ ಹೊತ್ತಿಗೆ ಹಾಸಿಗೆ ಬೆಚ್ಚಗೆ, ಗರಿಗರಿಯಾಗಿರುತ್ತದೆ. 50ರಿಂದ 60ರ ನಡುವೆ ಇಟ್ಟರೆ ಸಾಕು. 60ರ ಕೆಳಗೆ ಬೂಷ್ಟು ಹೊಸದಾಗಿ ಹಬ್ಬುವುದು ಕಷ್ಟ. ಹಾಸಿಗೆ, ದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳುಹುಳಗಳಿರುತ್ತವೆ, ಎಷ್ಟೋ ಜನರ ಉಬ್ಬಸ ಅವುಗಳಿಂದಲೇ ಕೆರಳುವುದು. ತೇವಾಂಶವನ್ನು 50ರ ಹತ್ತಿರವೇ ಇಟ್ಟುಕೊಂಡು ಬಂದರೆ ಅವೂ ಕಡಿಮೆಯಾಗುತ್ತವೆ.

ಇನ್ನು ಪ್ಯೂರಿಫೈಯರ್ ವಿಷಯ. ಅದು ಒಂದು ಫ್ಯಾನು, ಒಂದು ದಟ್ಟ ಫಿಲ್ಟರು, ಅಷ್ಟೇ. ಒಳ್ಳೆಯ ಹೆಪಾ ಫಿಲ್ಟರು 0.3 ಮೈಕ್ರಾನಿನಷ್ಟು ಸಣ್ಣ ಕಣವನ್ನೂ ನೂರಕ್ಕೆ 99.97ರಷ್ಟು ಹಿಡಿಯುತ್ತದೆ, ಅದು ಸುಳ್ಳಲ್ಲ. ಬೂಷ್ಟಿನ ಬೀಜಕಣ ಅದಕ್ಕಿಂತ ಎಷ್ಟೋ ದಪ್ಪ, ತೇಲುತ್ತಿರುವಷ್ಟನ್ನು ಸಲೀಸಾಗಿ ಹಿಡಿದುಹಾಕುತ್ತದೆ. ಆದರೆ ನೀರಾವಿ ಆ ಫಿಲ್ಟರನ್ನು ದಾಟಿಕೊಂಡೇ ಹೋಗುತ್ತದೆ. ಗೋಡೆ ಒದ್ದೆಯಾಗಿರುವಷ್ಟು ದಿನ ಬೂಷ್ಟು ಬೆಳೆಯುತ್ತಲೇ ಇರುತ್ತದೆ, ಹೊಸ ಬೀಜಕಣ ಬಿಡುತ್ತಲೇ ಇರುತ್ತದೆ. ಮೂರು ತಿಂಗಳ ಜಡಿಮಳೆಯಲ್ಲಿ ಧೂಳು ಕೂತ ಆ ಫಿಲ್ಟರಿಗೂ ಪಸೆ ಹಿಡಿದರೆ ಅದರ ಮೇಲೇ ಬೂಷ್ಟು ಬರಬಹುದು. ವಾಸನೆ ಹೀರಲು ಇಟ್ಟಿರುವ ಇದ್ದಿಲಿನ ಪದರವೂ ಒದ್ದೆ ಗಾಳಿಯಲ್ಲಿ ಅಷ್ಟು ಚೆನ್ನಾಗಿ ಹೀರುವುದಿಲ್ಲ. 'ಅಯಾನ್', 'ಓಝೋನ್' ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದುಕೊಂಡಿರುವ ಯಂತ್ರವನ್ನಂತೂ ಅಮ್ಮನ ಹತ್ತಿರ ಇಡಲೇಬೇಡಿ. ಓಝೋನ್ ಉಬ್ಬಸದವರ ಶ್ವಾಸಕೋಶಕ್ಕೆ ಕೆಟ್ಟದ್ದು.

ಹಾಗಾದರೆ ನಾವೇಕೆ ಎರಡನ್ನೂ ಇಟ್ಟುಕೊಂಡಿದ್ದೇವೆ ಎಂದು ಅಣ್ಣ ಕೇಳಿಯೇ ಕೇಳುತ್ತಾನೆ. ಇಲ್ಲಿ ಎರಡಕ್ಕೂ ಬೇರೆ ಬೇರೆ ಕಾಲವಿದೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಮುದ್ರದ ಗಾಳಿ, ತೇವ ಹೆಚ್ಚು, ಹೊಗೆ ಕಡಿಮೆ. ನವೆಂಬರ್, ಡಿಸೆಂಬರ್‌ನಲ್ಲಿ ಗಾಳಿ ಚೀನಾದ ನೆಲದ ಕಡೆಯಿಂದ ಬರುತ್ತದೆ. ತೇವಾಂಶ 70ಕ್ಕೆ ಇಳಿಯುತ್ತದೆ, ಆದರೆ ಪರ್ಲ್ ನದಿ ಬಯಲಿನ ಕಾರ್ಖಾನೆ, ವಾಹನಗಳ ಹೊಗೆ ಜೊತೆಗೆ ಬರುತ್ತದೆ. ಚಂಡಮಾರುತವೊಂದು ದೂರದಲ್ಲಿ ಸುತ್ತುತ್ತಿರುವಾಗಲೂ ಹಾಗೆಯೇ, ಗಾಳಿ ಆಡದೆ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ಕೆಡುಕನ್ನು ಇಲ್ಲಿ 1ರಿಂದ 10ರವರೆಗೆ, ಅದಕ್ಕೂ ಮೇಲಿದ್ದರೆ 10+ ಎಂದು ಗಂಟೆಗಂಟೆಗೂ ಹೇಳುತ್ತಾರೆ. 7 ದಾಟಿದ ದಿನ ಪುಟ್ಟನ ಕೋಣೆಯಲ್ಲಿ ಪ್ಯೂರಿಫೈಯರ್ ಹಾಕುತ್ತೇವೆ. ಎರಡೂ ಒಟ್ಟಿಗೆ ಓಡುವ ದಿನ ಅಪರೂಪ.

ಅಮ್ಮ, ಈಗ ನಿನಗೆ ಒಂದು ಮಾತು. ನಮ್ಮ ಮನೆಯಲ್ಲಿ ಮಳೆಗಾಲದ ಹೊಗೆ ಬರುವುದು ಹೊರಗಿನಿಂದಲ್ಲ, ಬಚ್ಚಲ ಒಲೆಯಿಂದ. ಹಸಿ ಕಟ್ಟಿಗೆ ಉರಿಯದೆ ಹೊಗೆಯಾಡುತ್ತದೆ, ಮೇಲಿಂದ ಒಲೆಯ ಮೇಲೆ ಒದ್ದೆ ಬಟ್ಟೆ ಹರವಿರುತ್ತೀರಿ. ನೀನು ಅಲ್ಲೇ ಕೂತು ಊದುತ್ತೀಯ. ರಾತ್ರಿ ಮತ್ತೆ ಸೊಳ್ಳೆ ಬತ್ತಿ. ಇದನ್ನು ಹಿಡಿಯಲು ಪ್ಯೂರಿಫೈಯರ್ ತರುವುದಕ್ಕಿಂತ ಒಲೆಗೊಂದು ಹೊಗೆಕೊಳವೆ ಕಟ್ಟಿಸುವುದು, ಹಾಸಿಗೆಗೆ ಸೊಳ್ಳೆ ಪರದೆ ಕಟ್ಟುವುದು ನೂರು ಪಾಲು ಮೇಲು. ನೀನು ಹೊಗೆಯಲ್ಲಿ ಕೂರುವುದು ನನಗೆ ಸಹಿಸಲಾಗುವುದಿಲ್ಲ, ಬೈದೆ ಎಂದುಕೊಳ್ಳಬೇಡ. ಯಾವ ಯಂತ್ರ ಬಂದರೂ ಡಾಕ್ಟರು ಕೊಟ್ಟ ಇನ್ಹೇಲರ್ ಬಿಡಕೂಡದು.

ಅಪ್ಪಯ್ಯ, ಯಂತ್ರಕ್ಕಿಂತ ಮೊದಲು ಆಗಬೇಕಾದ ಕೆಲಸವೂ ಇದೆ. ಆ ಕೋಣೆಯ ಪಡುವಣ ಗೋಡೆಗೆ ಎರಚಲು ಹೊಡೆಯುತ್ತದೆ. ಅಜ್ಜನ ಕಾಲದಲ್ಲಿ ಮೇ ತಿಂಗಳಲ್ಲೇ ಸೋಗೆ ತಟ್ಟಿ ಕಟ್ಟುತ್ತಿದ್ದಿರಲ್ಲ, ಈಗ ಅದು ನಿಂತೇಹೋಗಿದೆ. ಈ ವರ್ಷ ಮತ್ತೆ ಕಟ್ಟಿಸಿ, ಇಲ್ಲವೇ ತಗಡಿನ ಮಾಡು ಎರಡಡಿ ಮುಂದಕ್ಕೆ ಚಾಚಿಸಿ. ಹೊರಗಿನಿಂದ ಗೋಡೆ ನೀರು ಕುಡಿಯುತ್ತಿದ್ದರೆ ಒಳಗೆ ಯಾವ ಯಂತ್ರ ಇಟ್ಟೂ ಪ್ರಯೋಜನವಿಲ್ಲ. ಒಳಗೆ ಆಗಲೇ ಹಿಡಿದಿರುವ ಬೂಷ್ಟನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಬೀಜಕಣ ಕೋಣೆಯೆಲ್ಲ ಹಾರುತ್ತದೆ. ಅಣ್ಣ ಮಾಸ್ಕ್ ಹಾಕಿಕೊಂಡು ಸೋಪಿನ ನೀರಲ್ಲಿ ಒರೆಸಲಿ, ಆ ಹೊತ್ತು ಅಮ್ಮ ಅಲ್ಲಿರುವುದು ಬೇಡ. ಚೆನ್ನಾಗಿ ಒಣಗಿದ ಮೇಲೆ ಪ್ಲಾಸ್ಟಿಕ್ ಪೇಂಟಿನ ಬದಲು ಸುಣ್ಣವನ್ನೇ ಹೊಡೆಸಿ. ಸುಣ್ಣದ ಕ್ಷಾರ ಬೂಷ್ಟಿಗೆ ಆಗಿಬರುವುದಿಲ್ಲ, ಗೋಡೆಗೂ ಉಸಿರಾಡಲು ಆಗುತ್ತದೆ. ಬೀರುವನ್ನು ಗೋಡೆಗೆ ತಾಗಿಸದೆ ಒಂದು ಗೇಣು ಮುಂದಕ್ಕೆ ಎಳೆಯಿರಿ.

ಇಷ್ಟಾದ ಮೇಲೂ ಯಂತ್ರ ಬೇಕೆನಿಸಿದರೆ ಕಂಪ್ರೆಸರ್ ಇರುವುದನ್ನೇ ಕೇಳಿ. ತೇವ ಹೀರುವ ಹರಳನ್ನು ಹೀಟರಿನ ಶಾಖದಲ್ಲಿ ಒಣಗಿಸಿ ಕೆಲಸ ಮಾಡುವ ಇನ್ನೊಂದು ಜಾತಿ ಇದೆ, ಅದು ತುಂಬ ಚಳಿಯ ಊರಿಗೆ ಸರಿ, ನಮಗೆ ಬರೀ ಕರೆಂಟು ದಂಡ. 'ದಿನಕ್ಕೆ 20 ಲೀಟರ್' ಎಂದು ಬರೆದಿದ್ದರೆ ಯಾವ ಸೆಖೆಯಲ್ಲಿ, ಯಾವ ತೇವಾಂಶದಲ್ಲಿ ಎಂದು ಕೇಳಿ. 30 ಡಿಗ್ರಿ, 80 ತೇವಾಂಶದಲ್ಲಿ 20 ಲೀಟರ್ ತೆಗೆಯುವ ಯಂತ್ರ 27 ಡಿಗ್ರಿ, 60 ತೇವಾಂಶದಲ್ಲಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ. 250 ವ್ಯಾಟಿನದ್ದು ಹತ್ತು ಗಂಟೆ ಓಡಿದರೆ ಎರಡೂವರೆ ಯೂನಿಟ್ಟು. ಮಳೆಗಾಲದಲ್ಲಿ ನಮ್ಮ ಲೈನಿನ ವೋಲ್ಟೇಜ್ ಗೊತ್ತೇ ಇದೆಯಲ್ಲ, ಸ್ಟೆಬಿಲೈಸರ್ ಇಲ್ಲದೆ ಹಾಕಬೇಡಿ. ಕರೆಂಟು ಹೋಗಿ ಬಂದರೆ ಮೂರು ನಿಮಿಷ ಬಿಟ್ಟು ಚಾಲೂ ಮಾಡಿ, ಇನ್ವರ್ಟರಿಗೆ ಜೋಡಿಸಬೇಡಿ. ಡಬ್ಬಿಯ ನೀರು ನೋಡಲು ಸ್ಫಟಿಕದಂತಿರುತ್ತದೆ, ಡಿಸ್ಟಿಲ್ಡ್ ವಾಟರ್ ಎಂದು ಇನ್ವರ್ಟರ್ ಬ್ಯಾಟರಿಗೆ ಹಾಕಬೇಕೆನಿಸುತ್ತದೆ. ಹಾಕಬೇಡಿ. ಲೋಹದ ಕಾಯಿಲ್ ಮೇಲೆ ಇಳಿದು, ಧೂಳು ತೊಳೆದುಕೊಂಡು ಬಂದ ನೀರದು. ಕುಡಿಯುವುದಂತೂ ಕೂಡದು. ನೆಲ ಒರೆಸಲು ಸಾಕು.

ಸದ್ಯಕ್ಕೆ ಅಣ್ಣ ಒಂದು ಹೈಗ್ರೋಮೀಟರ್ ತರಲಿ, ತೇವಾಂಶ ತೋರಿಸುವ ಸಣ್ಣ ಡಬ್ಬಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಸರಿ ತೋರಿಸುತ್ತದೋ ಎಂದು ಮನೆಯಲ್ಲೇ ನೋಡಬಹುದು. ಒಂದು ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕರಗದಂತೆ ಬರೀ ಹಸಿಯಾಗುವಷ್ಟು ನೀರು ಚಿಮುಕಿಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. 79 ತೋರಿಸಿದರೆ ಮುಂದೆ ಯಾವಾಗಲೂ ನಾಲ್ಕು ಕಳೆದು ಓದಿಕೊಂಡರಾಯಿತು. ಆಮೇಲೆ ಅದನ್ನು ಅಮ್ಮನ ತಲೆದಿಂಬಿನ ಬಳಿ, ಗೋಡೆಗೆ ತಾಗದಂತೆ ಇಟ್ಟು, ಬೆಳಿಗ್ಗೆ ಕಾಫಿ ಹೊತ್ತಿಗೆ ಒಮ್ಮೆ, ರಾತ್ರಿ ಮಲಗುವಾಗ ಒಮ್ಮೆ ಬರೆದಿಡಿ. ಅಡಿಕೆ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟ ಸಾಕು. ಅಮ್ಮನಿಗೆ ಉಬ್ಬಸ ಬಂದ ರಾತ್ರಿಗೆ ಒಂದು ಗುರುತು ಹಾಕಿ. ಜೂನ್ ಕೊನೆಗೆ ಆ ಪುಟದ ಫೋಟೋ ಕಳಿಸಿ. ಅಂಕೆ 70 ದಾಟಿಯೇ ಇರುತ್ತಿದ್ದರೆ ಯಂತ್ರಕ್ಕೆ ನಾನೇ ದುಡ್ಡು ಕಳಿಸುತ್ತೇನೆ, ನೀವು ಬೇಡ ಎನ್ನಬಾರದು.

ಇವರು ನಿಮ್ಮಿಬ್ಬರಿಗೂ ನಮಸ್ಕಾರ ತಿಳಿಸಿದ್ದಾರೆ. ಪುಟ್ಟ ಈಗ ಕನ್ನಡದಲ್ಲಿ ತನ್ನ ಹೆಸರು ಬರೆಯುತ್ತಾನೆ, ಮುಂದಿನ ಪತ್ರದ ಕೊನೆಗೆ ಅವನ ಕೈಯಲ್ಲೇ ಬರೆಸುತ್ತೇನೆ. ತಟ್ಟಿಗೆ ಆಳು ಸಿಕ್ಕರೋ ಇಲ್ಲವೋ ಬರೆಯಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು