ನೋನ್ನಾಗೆ, ಅಂದರೆ ನನ್ನ ಇಟಲಿಯ ಅಜ್ಜಿಗೆ, ಮತ್ತೆ ನಿಮ್ಮೆಲ್ಲರಿಗೆ

ಪದವಿ ಕೈಗೆ ಬಂತು. ಇಟಲಿಯ ಆಲ್ಬಾ ಪಟ್ಟಣದಲ್ಲಿ ದ್ರಾಕ್ಷಿ ಬೇಸಾಯ, ವೈನ್ ತಯಾರಿಕೆಯ ಓದು ಮುಗಿಯಿತು. ಕಳೆದ ಸುಗ್ಗಿಯಲ್ಲಿ ನಾನು ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಕೆದಕುವುದಿಲ್ಲ. ಹೊಲಿಗೆ ಮಾಯ್ದಿದೆ, ಊಟ ಸೇರುತ್ತಿದೆ, ಏಣಿ ಹತ್ತಿ ಪೀಪಾಯಿ ಬಗ್ಗಿ ನೋಡುವಷ್ಟು ಗಟ್ಟಿಯಾಗಿದ್ದೇನೆ. ಥ್ಯಾಂಕ್ಸ್ ಹೇಳುವುದೊಂದು ಬಾಕಿ ಉಳಿದಿತ್ತು.

ಅವ್ವನ ಟಿಕೆಟ್‌ಗೆ ಹಣ ಹಾಕಿದವರಿಗೆ, ಮಿಲಾನಿನಿಂದ ಕಟಕ ರೊಟ್ಟಿ ಶೇಂಗಾ ಚಟ್ನಿ ಹೊತ್ತು ತಂದ ಗೆಳತಿಯರಿಗೆ, ತಪ್ಪಿಹೋದ ಪಾಠದ ನೋಟ್ಸ್ ಬರೆದುಕೊಟ್ಟ ಸಹಪಾಠಿಗಳಿಗೆ, ಪರೀಕ್ಷೆ ಮುಂದೆ ಹಾಕಲು ಒಪ್ಪಿದ ಮೇಷ್ಟ್ರಿಗೆ, ತಿಕೋಟಾದಿಂದ ದಿನಾ ಫೋನ್ ಮಾಡಿ ಬರೀ "ಉಂಡ್ಯಾ?" ಅಂತ ಕೇಳಿ ಇಡುತ್ತಿದ್ದ ಕಾಕಾಗೆ: ಎಲ್ಲರಿಗೂ ಮನಸಾರೆ ಧನ್ಯವಾದ. ನಿಮ್ಮನ್ನೆಲ್ಲ ಒಂದೇ ವಾಕ್ಯದಲ್ಲಿ ಮುಗಿಸಿದ್ದಕ್ಕೆ ಸಿಟ್ಟಾಗಬೇಡಿ. ಇನ್ನೊಬ್ಬರಿಗೆ ಜಾಗ ಬೇಕಿದೆ.

ನಾನು ಬಾಡಿಗೆಗಿದ್ದದ್ದು ಬಾರ್ಬರೆಸ್ಕೊದಲ್ಲಿ. ಇಟಲಿಯ ಪಿಯೆಮೊಂತೆಯಲ್ಲಿ, ಗುಡ್ಡದ ಮೇಲಿನ ಸಣ್ಣ ಊರು. ಕೆಳಗೆ ತಾನಾರೊ ಹೊಳೆ, ಮೇಲೊಂದು ಹಳೆಯ ಗೋಪುರ, ಸುತ್ತ ನೆಬ್ಬಿಯೋಲೊ ಎಂಬ ಕಪ್ಪು ದ್ರಾಕ್ಷಿಯ ಬಳ್ಳಿ. ಮನೆಯೊಡತಿಗೆ ಎಪ್ಪತ್ತು ದಾಟಿದೆ. ಹೆಸರು ಹಾಕಬೇಡ ಎಂದು ತಾಕೀತು ಮಾಡಿದ್ದಾರೆ, ಹಾಗಾಗಿ ನಾನು ಕರೆಯುವ ಹಾಗೆ ನೋನ್ನಾ, ಅಜ್ಜಿ. ಅವರ ಮನೆತನ ಅಲ್ಲಿನ ರೈತರ ವೈನ್ ಸೊಸೈಟಿ ಪ್ರೊಡುತ್ತೋರಿ ದೆಲ್ ಬಾರ್ಬರೆಸ್ಕೊದ ಸದಸ್ಯರು. ಒಂದೇ ಹೊಲದ ದ್ರಾಕ್ಷಿಯಿಂದ ಮಾಡಿದ ವೈನ್ ಆದರೆ, ಆ ಹೊಲದವರ ಹೆಸರನ್ನೂ ಬಾಟಲಿಯ ಚೀಟಿಯಲ್ಲಿ ಅಚ್ಚು ಹಾಕುತ್ತಾರೆ. "ಅಲ್ಲಿ ಇದೆಯಲ್ಲ, ಇನ್ನೆಲ್ಲಿ ಬೇಕು?" ಅನ್ನುತ್ತಾರೆ ಅಜ್ಜಿ.

ಸೊಸೈಟಿ ಎಂದರೆ ನಮ್ಮ ಕಡೆ ಗೊಬ್ಬರ, ಸಾಲ ಮತ್ತು ಜಗಳ. ನನಗೂ ಅದೇ ತಲೆಯಲ್ಲಿತ್ತು. ಅಜ್ಜಿ ಕಥೆ ಹೇಳಿದರು. ಆಲ್ಬಾ ವೈನ್ ಶಾಲೆಯ ಮುಖ್ಯಸ್ಥರಾಗಿದ್ದ ದೊಮಿತ್ಸಿಯೊ ಕವಾತ್ಸಾ 1894ರಲ್ಲಿ 9 ತೋಟದವರನ್ನು ಕೂಡಿಸಿ ಮೊದಲ ಸೊಸೈಟಿ ಕಟ್ಟಿದರಂತೆ. ಅದು ಫ್ಯಾಸಿಸ್ಟರ ಕಾಲದಲ್ಲಿ ಮುಚ್ಚಿತು. 1958ರಲ್ಲಿ ಊರಿನ ಪಾದ್ರಿ ದೊನ್ ಫಿಯೊರಿನೊ ಮರೆಂಗೊ 19 ಸಣ್ಣ ರೈತರನ್ನು ಒಟ್ಟುಗೂಡಿಸಿ ಮತ್ತೆ ಶುರು ಮಾಡಿದರು. ಒಬ್ಬೊಬ್ಬರೇ ನಿಂತರೆ ಹೊಲ ಮಾರಿ ಪಟ್ಟಣ ಸೇರುತ್ತಾರೆ ಎಂಬುದು ಆ ಪಾದ್ರಿಗೆ ಕಂಡಿತ್ತು. ಮೊದಲ ಮೂರು ಸುಗ್ಗಿಯ ವೈನ್ ತಯಾರಾದದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಈಗ 50ಕ್ಕೂ ಹೆಚ್ಚು ಮನೆತನಗಳಿವೆ, ಸೊಸೈಟಿ ಮಾಡುವುದು ನೆಬ್ಬಿಯೋಲೊ ವೈನ್ ಒಂದೇ. ಬೆಳೆದ ನೆಬ್ಬಿಯೋಲೊ ಅಷ್ಟನ್ನೂ ಸೊಸೈಟಿಗೇ ಕೊಡಬೇಕು. ಒಳ್ಳೆಯದನ್ನು ಹೊರಗೆ ಮಾರಿ ಉಳಿದದ್ದನ್ನು ಇಲ್ಲಿ ಸುರಿಯುವ ಆಟ ನಡೆಯುವುದಿಲ್ಲ. ದುಡ್ಡು ಬರೀ ತೂಕಕ್ಕಲ್ಲ, ಗುಣಕ್ಕೆ.

ವೈನ್ ಮಾಡುವ ಕೆಲಸ ನೋಡಲು ಸರಳ. ತೊಟ್ಟು ಬಿಡಿಸಿ ಸಿಪ್ಪೆ ಸಮೇತ ಹುದುಗಲು ಬಿಡುತ್ತಾರೆ. ಹುದುಗು ಎದ್ದಾಗ ಸಿಪ್ಪೆಯೆಲ್ಲ ಮೇಲೆ ಬಂದು ದಪ್ಪಗೆ ಕಟ್ಟಿಕೊಳ್ಳುತ್ತದೆ. ಅದು ಒಣಗದ ಹಾಗೆ ಕೆಳಗಿನ ರಸವನ್ನು ಪಂಪಿನಲ್ಲಿ ಎತ್ತಿ ಮೇಲಿಂದ ಸುರಿಯುತ್ತಿರಬೇಕು. ನೆಬ್ಬಿಯೋಲೊ ಬಣ್ಣ ತೆಳು, ಒಗರು ಮಾತ್ರ ನಾಲಿಗೆ ಹಿಡಿದುಕೊಳ್ಳುವಷ್ಟು. ಆ ಒಗರು ಮೆತ್ತಗಾಗಲಿ ಅಂತಲೇ ದೊಡ್ಡ ಓಕ್ ಪೀಪಾಯಿಯಲ್ಲಿ ಹಳತಾಗಲು ಬಿಡುವುದು. ಬಾರ್ಬರೆಸ್ಕೊ ಎಂದು ಮಾರಬೇಕಾದರೆ ಕನಿಷ್ಠ 26 ತಿಂಗಳು ಆಗಬೇಕು, ಅದರಲ್ಲಿ 9 ತಿಂಗಳು ಮರದೊಳಗೆ. ಇನ್ನೂ ಹೆಚ್ಚು ಕಾಲ ಇಟ್ಟು ಮಾರುವ ರಿಸರ್ವಾ ವೈನಿಗೆ 50 ತಿಂಗಳು. ವರ್ಷ ಚೆನ್ನಾಗಿದ್ದರೆ ಅಸಿಲಿ, ರಬಾಯಾ, ಒವೆಲ್ಲೊ, ಮೊಂತೆಸ್ತೆಫನೊ ಮುಂತಾದ 9 ಹೆಸರಾಂತ ಹೊಲಗಳ ವೈನನ್ನು ಬೇರೆ ಬೇರೆ ತುಂಬುತ್ತಾರೆ. ಚೆನ್ನಾಗಿಲ್ಲದ ವರ್ಷ ಹೆಸರು ಬದಿಗಿಟ್ಟು ಎಲ್ಲವನ್ನೂ ಊರಿನ ಒಂದೇ ಬಾಟಲಿಗೆ ಕೂಡಿಸುತ್ತಾರೆ. ಈ ಪದ್ಧತಿಯ ಮೇಲೆ ನನಗೆ ಅವರ ರಿಸರ್ವಾಗಿಂತ ಹೆಚ್ಚು ಮೋಹ.

ಇನ್ನು ಆ ರಾತ್ರಿ.

ಅಕ್ಟೋಬರ್. ಮರುದಿನ ಮಳೆ ಎಂದಿದ್ದರು, ಅಜ್ಜಿಯ ಹೊಲದ ಒಳ್ಳೆಯ ಸಾಲುಗಳು ಇನ್ನೂ ಬಳ್ಳಿಯಲ್ಲೇ ಇದ್ದವು. ನನ್ನನ್ನು ಸೇರಿಸಿದ್ದ ಆಸ್ಪತ್ರೆಯಲ್ಲಿ ಸಂಬಂಧಿಕರು ಯಾರು ಅಂತ ಕೇಳಿದಾಗ ಅಜ್ಜಿ "ನಾನೇ" ಅಂದುಬಿಟ್ಟರು. ಹೊಲದಿಂದ ನೇರ ಬಂದಿದ್ದರು, ಉಗುರಿನ ಸಂದಿಯೆಲ್ಲ ದ್ರಾಕ್ಷಿ ರಸ ಕೂತು ಕಪ್ಪಾಗಿತ್ತು. ಆ ಬೆರಳಲ್ಲಿ ಮಂಚದ ಕಂಬಿ ಹಿಡಿದು ಕೂತವರು ಬೆಳಗಾಗುವವರೆಗೆ ಏಳಲಿಲ್ಲ. ಅವ್ವ ಫೋನಿನಲ್ಲಿ ಅಳುತ್ತಿದ್ದಳು. ಅಜ್ಜಿ ಫೋನ್ ಇಸಿದುಕೊಂಡು ಪಿಯೆಮೊಂತೆಯ ಮಾತಿನಲ್ಲಿ ಏನೋ ಹೇಳಿದರು, ಅವ್ವ ವಿಜಯಪುರದ ಕನ್ನಡದಲ್ಲಿ "ಹೂಂ ಯವ್ವಾ, ನೀವ ನೋಡ್ಕೋರಿ, ಆಕಿಗೆ ಥಂಡಿ ತಡಿಯಂಗಿಲ್ಲ" ಅಂದಳು. ಅಜ್ಜಿ ಎದ್ದು ಇನ್ನೊಂದು ರಗ್ಗು ಕೇಳಿ ತಂದರು. ಅವರಿಗೆ ಏನು ತಿಳಿಯಿತೋ ನನಗಂತೂ ಗೊತ್ತಿಲ್ಲ.

ಒಂದು ಮಾತು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ನಾನು ಹೊರಟಾಗ ಊರಲ್ಲಿ "ಹೆಣ್ಣುಮಗಳು ಹೆಂಡ ಮಾಡೋದ ಕಲಿಯಾಕ ಹೊಂಟಾಳ" ಅಂತ ಆಡಿಕೊಂಡಿದ್ದರಲ್ಲ, ಆ ರಾತ್ರಿ ಅವರು ಹೇಳಿದ್ದೇ ಖರೆ ಅನ್ನಿಸಿತ್ತು. ಇಷ್ಟು ದೂರ ಬಂದು, ಭಾಷೆ ಬಾರದ ಕಡೆ ಸಾಯಬೇಕಾಯಿತಲ್ಲ ಅಂತ. ಅಪ್ಪನ ಮೇಲೂ ಸಿಟ್ಟು ಬಂದಿತ್ತು, ಯಾಕೆ ನನ್ನನ್ನು ತಡೆಯಲಿಲ್ಲ ಅಂತ. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ. ಇರಲಿ.

ಬೆಳಗ್ಗೆ ಅಜ್ಜಿಯ ಮಗನ ಫೋನ್ ಬಂತು. ಮಳೆ ಬೀಳುವ ಮುಂಚೆ ಪಕ್ಕದ ಹೊಲದವರೆಲ್ಲ ಬಂದು ಅಜ್ಜಿಯ ಸಾಲು ಕಿತ್ತು, ಕ್ರೇಟಿಗೆ ತುಂಬಿ, ಟ್ರ್ಯಾಕ್ಟರ್ ಹತ್ತಿಸಿದ್ದರು. ಅವರವರ ದುಡ್ಡು ಅವರವರ ದ್ರಾಕ್ಷಿಯ ಮೇಲೆ. ಅಜ್ಜಿಯ ಸಾಲು ಕೊಳೆತರೆ ಅವರಿಗೇನು ನಷ್ಟ ಇರಲಿಲ್ಲ. ಅಜ್ಜಿ ಸಕ್ಕರೆ ಅಂಶ ಎಷ್ಟು ಬಂತು ಅಂತ ಕೇಳಿದರು, ಉತ್ತರ ಕೇಳಿ ಮುಖ ಕಿವುಚಿದರು, ಆಮೇಲೆ ನನ್ನ ಕಡೆ ತಿರುಗಿ ಹಸಿವಾಗಿದೆಯಾ ಎಂದರು. ಅವರು ಬೈಯುತ್ತ ಉಣಿಸಿದ ಆ ಸಪ್ಪೆ ಸೂಪಿನ ಋಣ ನನ್ನಿಂದ ತೀರುವಂಥದ್ದಲ್ಲ.

ಮುಂದಿನ ತಿಂಗಳು ಊರಿಗೆ ಬರುತ್ತೇನೆ. ನಮ್ಮ ಪಡದ ದ್ರಾಕ್ಷಿ ಬೇರೆ, ಹವೆ ಬೇರೆ, ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುವ ನಾಡು ನಮ್ಮದು. ಬಾರ್ಬರೆಸ್ಕೊ ಇಲ್ಲಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಅಪ್ಪ, ಕಾಕಾ, ಓಣಿಯವರು ಒಬ್ಬೊಬ್ಬರೇ ಒಣದ್ರಾಕ್ಷಿ ಬಾಕ್ಸ್ ಹೊತ್ತು ತಾಸಗಾಂವ್, ಸಾಂಗ್ಲಿ ದಲಾಲರ ಮುಂದೆ ನಿಲ್ಲುವುದರ ಬಗ್ಗೆ ಒಂದು ಸಲ ಕೂತು ಮಾತಾಡಬೇಕು. ಕಾಕಾ, ನೀವು ಜಗಳ ತೆಗೀತೀರಿ ಅಂತ ಗೊತ್ತು. ಆದರೂ ಬರ್ರಿ.

ಟಿಕೆಟ್‌ಗೆ ಹಣ ಹಾಕಿದವರು ಖಾತೆ ಸಂಖ್ಯೆ ಕಳಿಸಿರಿ, ಸಂಬಳ ಶುರುವಾದ ತಿಂಗಳಿಂದ ತೀರಿಸುತ್ತ ಬರುತ್ತೇನೆ. "ಬ್ಯಾಡ ಬಿಡವಾ" ಅನ್ನುವವರು ಎಲ್ಲರಿಗಿಂತ ಮೊದಲು ಕಳಿಸಿರಿ.